ಚಿಪ್ ಪ್ರಶ್ನೋತ್ತರ: ಸಿಪಿಯು ಭದ್ರ, ಜಿಪಿಯು ಭದ್ರ, ನಡುವಿನ ಸಂದು?

ಫೋನು, ಲ್ಯಾಪ್‌ಟಾಪು, ಬಾಡಿಗೆ ಸರ್ವರು, ಎಲ್ಲದರಲ್ಲೂ ಈಗ ಬೇರೆ ಬೇರೆ ಜಾತಿಯ ಪ್ರೊಸೆಸರ್‌ಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಅವುಗಳ ಭದ್ರತೆಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಷನ್ (ಚಿಪ್ಪಿನ ಡಿಸೈನಿನಲ್ಲಿ ತಪ್ಪು ಹುಡುಕುವ) ಕೆಲಸ ಮಾಡುವ ಎಂಜಿನಿಯರ್ ಒಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನನ್ನ ಹೊಸ ಫೋನಿನ ಡಬ್ಬದ ಮೇಲೆ 'ಆಕ್ಟಾ ಕೋರ್' ಅಂತ ಬರೆದಿದೆ. ಎಂಟು ಪ್ರೊಸೆಸರ್ ಅಂತ ಅಂಗಡಿಯವರು ಹೇಳಿದರು. ನನ್ನ ತಂಗಿ ಮಗ ಮಾತ್ರ, ಎಂಟಲ್ಲ ಇನ್ನೂ ಜಾಸ್ತಿ ಇದೆ, ಅಪಾಯ ಇರೋದೇ ಅಲ್ಲಿ ಅಂತಾನೆ. ಯಾರ ಮಾತು ಸರಿ?
– ಶಾಲಾ ಶಿಕ್ಷಕಿ, ಶಿವಮೊಗ್ಗ

ಉತ್ತರ: ತಂಗಿ ಮಗನ ಮಾತು ಬಹುಪಾಲು ಸರಿ. ಡಬ್ಬದ ಮೇಲಿನ ಎಂಟು ಅನ್ನೋದು ಸಿಪಿಯು, ಅಂದರೆ ಮುಖ್ಯ ಪ್ರೊಸೆಸರ್‌ನ ಕೋರ್‌ಗಳ (ಕೆಲಸ ಮಾಡುವ ಘಟಕಗಳ) ಲೆಕ್ಕ ಮಾತ್ರ. ಆ ಎಂಟೂ ಒಂದೇ ಥರ ಇರುವುದಿಲ್ಲ. ಕೆಲವು ದೊಡ್ಡವು, ಜೋರಾಗಿ ಓಡುತ್ತವೆ, ಬ್ಯಾಟರಿ ಜಾಸ್ತಿ ತಿನ್ನುತ್ತವೆ. ಉಳಿದವು ಚಿಕ್ಕವು, ನಿಧಾನ, ಆದರೆ ಬ್ಯಾಟರಿ ಉಳಿಸುತ್ತವೆ. ಆರ್ಮ್ ಕಂಪನಿ ಈ ಜೋಡಿ ಪದ್ಧತಿಯನ್ನು 2011ರಲ್ಲಿ ಪ್ರಕಟಿಸಿತು. ಇದರ ಮೇಲೆ ಚಿತ್ರ ಬಿಡಿಸಲು ಜಿಪಿಯು, ಕ್ಯಾಮೆರಾಕ್ಕೆ ಒಂದು, ಧ್ವನಿಗೆ ಒಂದು, ಎಐ ಲೆಕ್ಕಕ್ಕೆ ಎನ್‌ಪಿಯು, ನೆಟ್‌ವರ್ಕಿಗೆ ಮೋಡೆಮ್. ಮೋಡೆಮ್ಮಿನೊಳಗೆ ಅದರದೇ ಪ್ರೊಸೆಸರ್, ಅದರದೇ ಸಾಫ್ಟ್‌ವೇರ್.

ಸಂಖ್ಯೆ ಜಾಸ್ತಿ ಆದ ಮಾತ್ರಕ್ಕೆ ಅಪಾಯ ಅಂತಲ್ಲ. ಒಂದೊಂದನ್ನೂ ಒಂದೊಂದು ತಂಡ, ಎಷ್ಟೋ ಸಲ ಒಂದೊಂದು ಕಂಪನಿ, ಮಾಡಿರುತ್ತದೆ. ತಮ್ಮ ಪಾಲಿನದ್ದನ್ನು ಎಲ್ಲರೂ ಚೆನ್ನಾಗಿಯೇ ಪರೀಕ್ಷೆ ಮಾಡಿರುತ್ತಾರೆ. ಆದರೆ ಎರಡು ಕೂಡುವ ಸಂದು ಯಾರ ಪಾಲಿಗೂ ಬಂದಿರುವುದಿಲ್ಲ. ರ‍್ಯಾಮ್ ಒಂದೇ, ಕರೆಂಟು ಬರುವ ದಾರಿ ಒಂದೇ. ದೊಡ್ಡ ದೊಡ್ಡ ತೂತುಗಳು ಸಿಗುತ್ತಿರುವುದು ಅಲ್ಲೇ.

ಕೋರ್‌ಗಳ ನಡುವೆಯೇ ಒಂದು ಉದಾಹರಣೆ ನೋಡಿ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ದೋಷ ಹೊರಗೆ ಬಂತು. ಒಂದು ಜಾಗದ ಡೇಟಾ ಓದಲು ಅನುಮತಿ ಇದೆಯೋ ಇಲ್ಲವೋ ಅಂತ ತೀರ್ಮಾನ ಆಗುವ ಮೊದಲೇ ವೇಗದ ಪ್ರೊಸೆಸರ್ ಅದನ್ನು ಓದಿ ಮುಂದಿನ ಕೆಲಸ ಶುರು ಮಾಡಿಬಿಡುತ್ತದೆ. ಆಮೇಲೆ ಎಲ್ಲ ರದ್ದು ಮಾಡಿದರೂ ಕ್ಯಾಶ್ ಎಂಬ ಸಣ್ಣ, ವೇಗದ ಮೆಮೊರಿಯಲ್ಲಿ ಗುರುತು ಉಳಿಯುತ್ತದೆ, ಅದರಿಂದ ಡೇಟಾ ಏನಿತ್ತು ಅಂತ ಊಹಿಸಬಹುದು. ಆರ್ಮ್‌ನ ದೊಡ್ಡ ಕೋರ್ ಕಾರ್ಟೆಕ್ಸ್-ಎ75ಕ್ಕೆ ಈ ದೋಷ ಇತ್ತು. ಅದರ ಜೊತೆಗೇ 2017ರಲ್ಲಿ ಬಂದ ಚಿಕ್ಕ ಕೋರ್ ಎ55ಕ್ಕೆ ಇರಲಿಲ್ಲ, ಯಾಕೆಂದರೆ ಅದು ಕೆಲಸವನ್ನು ಬಂದ ಸಾಲಿನಲ್ಲೇ ಮಾಡುತ್ತದೆ. ಎರಡೂ ಇರುವ ಫೋನಿನಲ್ಲಿ ಒಂದೇ ಆ್ಯಪ್ ಚಿಕ್ಕ ಕೋರ್ ಮೇಲೆ ಓಡುವಾಗ ಏನೂ ಮಾಡಲಾರದು, ದೊಡ್ಡ ಕೋರ್‌ಗೆ ಹೋದಾಗ ಮಾಡಬಲ್ಲದು. ಯಾವ ಕೋರ್‌ಗೆ ಕಳಿಸಬೇಕು ಅಂತ ತೀರ್ಮಾನ ಮಾಡುವ ಸಾಫ್ಟ್‌ವೇರ್ ನೋಡುವುದು ವೇಗ ಮತ್ತು ಬ್ಯಾಟರಿ ಮಾತ್ರ. ಹಾಗಾಗಿ ಇಂಥ ಫೋನನ್ನು ಪರೀಕ್ಷೆ ಮಾಡುವಾಗ ಒಂದು ಕೋರ್ ಮೇಲೆ ಪಾಸಾಯಿತು ಅಂತ ಬಿಡುವಂತಿಲ್ಲ.

ನೀವು ಗಾಬರಿ ಆಗಬೇಡಿ. ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ, ಸಾಕು.

ಪ್ರಶ್ನೆ: ನಾನು ಟೆಲಿಕಾಂ ಇಲಾಖೆಯಿಂದ ನಿವೃತ್ತ. ಜಿಪಿಯು, ವೈ-ಫೈ ಚಿಪ್ ಇತ್ಯಾದಿ ರ‍್ಯಾಮನ್ನು ನೇರವಾಗಿ ಓದಬಲ್ಲವು ಅಂತ ಕೇಳಿದ್ದೇನೆ. ಹಾಗಾದರೆ ಅವು ಬೇಕಾದ್ದನ್ನೆಲ್ಲ ಓದದಂತೆ ತಡೆಯುವವರು ಯಾರು?
– ಧಾರವಾಡದ ಓದುಗರು

ಉತ್ತರ: ಸರ್, ನೀವು ನನ್ನ ದಿನದ ಕೆಲಸದ ಬುಡಕ್ಕೇ ಕೈ ಹಾಕಿದ್ದೀರಿ. ತಡೆಯುವುದು ಐಒಎಂಎಂಯು ಎಂಬ ಘಟಕ. ಆರ್ಮ್ ಚಿಪ್ಪುಗಳಲ್ಲಿ ಇದಕ್ಕೆ ಎಸ್‌ಎಂಎಂಯು ಅಂತಾರೆ. ಜಿಪಿಯು ಆಗಲಿ ಕ್ಯಾಮೆರಾ ಆಗಲಿ ಒಂದು ವಿಳಾಸ ಕೇಳಿದರೆ, ಇದು ತನ್ನ ಪಟ್ಟಿ ನೋಡಿ, ಈ ಪುಟ (ಮೆಮೊರಿಯ ಒಂದು ತುಂಡು) ಇವರಿಗೆ ಕೊಟ್ಟದ್ದು ಹೌದೋ ಅಲ್ಲವೋ ಅಂತ ನೋಡಿ ಬಿಡುತ್ತದೆ. ಪ್ರತಿ ಸಲ ಪಟ್ಟಿ ತೆಗೆದು ನೋಡುತ್ತಾ ಕೂತರೆ ತುಂಬಾ ನಿಧಾನ. ಅದಕ್ಕೆ ಇತ್ತೀಚೆಗೆ ನೋಡಿದ ಸಾಲುಗಳನ್ನು ಟಿಎಲ್‌ಬಿ ಎಂಬ ಸಣ್ಣ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ತಲೆನೋವು ಶುರುವಾಗುವುದು ಇಲ್ಲಿ.

ನಾನು ಬರೆಯುವ ಒಂದು ಪರೀಕ್ಷೆ ಹೇಳುತ್ತೇನೆ. ಒಂದು ಪುಟವನ್ನು ಜಿಪಿಯುಗೆ ಕೊಡುತ್ತೇನೆ, ಅದರಲ್ಲಿ ಗುರುತಿಗೆ ಒಂದು ಸಂಖ್ಯೆ ತುಂಬಿರುತ್ತೇನೆ. ಜಿಪಿಯು ಆ ಪುಟವನ್ನು ಬಿಡದೆ ಓದುತ್ತಲೇ ಇರಬೇಕು. ನಡುವೆ ಸಿಪಿಯು ಆ ಪುಟವನ್ನು ವಾಪಸ್ ಪಡೆಯುತ್ತದೆ. ಪಟ್ಟಿಯಿಂದ ಅಳಿಸಿ, ಟಿಎಲ್‌ಬಿಗೂ 'ಹಳೆಯದನ್ನು ಮರೆತುಬಿಡು' ಅಂತ ಹೇಳಿ, 'ಆಯಿತು' ಎಂಬ ಉತ್ತರಕ್ಕೆ ಕಾಯುತ್ತದೆ. ಉತ್ತರ ಬಂದ ಮೇಲೆ ಪುಟದಲ್ಲಿ ಬೇರೆ ಸಂಖ್ಯೆ ಬರೆಯುತ್ತದೆ. ಈಗ ಜಿಪಿಯು ಕೈಗೆ ಆ ಹೊಸ ಸಂಖ್ಯೆ ಒಂದೇ ಒಂದು ಸಲ ಬಂದರೂ ಅದು ಬಗ್. ನಿಜವಾದ ಫೋನಿನಲ್ಲಿ ಆ ಹೊಸ ಸಂಖ್ಯೆ ಇನ್ನೊಂದು ಆ್ಯಪ್‌ನ ಪಾಸ್‌ವರ್ಡ್ ಆಗಿರಬಹುದು. ಇಂಥ ಬಗ್ ಸಾವಿರ ಸಲ ಓಡಿಸಿದರೂ ಕಾಣಿಸಿಕೊಳ್ಳದೆ, ಕ್ಲಾಕ್ ವೇಗ ಸ್ವಲ್ಪ ಬದಲಿಸಿದ ತಕ್ಷಣ ಕಾಣಿಸಿಕೊಳ್ಳುವುದುಂಟು. ಸಿಪಿಯು ಒಂದು ವೇಗ, ಜಿಪಿಯು ಇನ್ನೊಂದು ವೇಗ ಅಲ್ವಾ, ಅವು ಎಲ್ಲಿ ಹೇಗೆ ಎದುರಾಗುತ್ತವೆ ಅನ್ನೋದನ್ನು ಕಾಗದದ ಮೇಲೆ ಹೇಳೋದು ಕಷ್ಟ.

ಹಾರ್ಡ್‌ವೇರ್ ಸರಿ ಇದ್ದು ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ತಪ್ಪಿದರೂ ಫಲ ಅದೇ. 2022ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡ ಆರ್ಮ್‌ನ ಮಾಲಿ ಜಿಪಿಯು ಡ್ರೈವರ್‌ನಲ್ಲಿ ಐದು ದೋಷ ಕಂಡುಹಿಡಿಯಿತು. ಅದರಲ್ಲಿ ಮೂರು ಇದೇ ಜಾತಿಯವು: ಪುಟ ವಾಪಸ್ ಹೋದ ಮೇಲೂ ಅದನ್ನು ಓದಿ ಬರೆಯುವ ದಾರಿ ಉಳಿದಿತ್ತು. ಆರ್ಮ್ ಜುಲೈ-ಆಗಸ್ಟ್‌ನಲ್ಲೇ ಸರಿಪಡಿಸಿ ಕೊಟ್ಟಿತು. ನವೆಂಬರ್‌ನಲ್ಲಿ ತಂಡ ಮತ್ತೆ ನೋಡಿದರೆ, ಪರೀಕ್ಷೆ ಮಾಡಿದ ಫೋನುಗಳಿಗೆ ಆ ತಿದ್ದುಪಡಿ ಇನ್ನೂ ಬಂದೇ ಇರಲಿಲ್ಲ. ಚಿಪ್ ಮಾಡುವವರು, ಫೋನ್ ಮಾಡುವವರು, ಸಾಫ್ಟ್‌ವೇರ್ ಕೊಡುವವರು ಬೇರೆ ಬೇರೆ. ತಿದ್ದುಪಡಿ ಇವರೆಲ್ಲರ ಕೈ ದಾಟಿ ನಿಮ್ಮ ಜೇಬಿಗೆ ಬರಬೇಕು. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ವಿಷಯ.

ಪ್ರಶ್ನೆ: ಯಾವ ಪರ್ಮಿಷನ್ನೂ ಕೇಳದ ಆ್ಯಪ್ ಒಂದು ಪರದೆ ಮೇಲಿನ ಓಟಿಪಿ ಕದಿಯಬಹುದು ಅಂತ ಗೆಳೆಯರು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಸುಮ್ನೆ ಹೆದರಿಸೋದಾ, ನಿಜಾನಾ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ನಿಜ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಪ್ರಕಟಿಸಿದರು. ಹೆಸರು ಪಿಕ್ಸ್‌ನ್ಯಾಪಿಂಗ್. ಗೂಗಲ್ ಪಿಕ್ಸೆಲ್ 6ರಿಂದ 9ರವರೆಗಿನ ಫೋನುಗಳು ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಮೇಲೆ ಮಾಡಿ ನೋಡಿದರು.

ಇದರ ಬೇರು ಜಿಪಿಯುನಲ್ಲಿದೆ. ಚಿತ್ರದ ಡೇಟಾ ದೊಡ್ಡದು. ಅದನ್ನು ಇದ್ದ ಹಾಗೇ ಮೆಮೊರಿಗೆ ಕಳಿಸಿದರೆ ಸಮಯವೂ ಬ್ಯಾಟರಿಯೂ ದಂಡ. ಅದಕ್ಕೆ ಜಿಪಿಯು ಯಾರಿಗೂ ಹೇಳದೆ ಅದನ್ನು ಒತ್ತಿ ಚಿಕ್ಕದು ಮಾಡಿ ಕಳಿಸುತ್ತದೆ. ಒಂದೇ ಬಣ್ಣದ ಜಾಗ ಚೆನ್ನಾಗಿ ಒತ್ತುತ್ತದೆ, ಬೇಗ ಹೋಗುತ್ತದೆ. ಚುಕ್ಕೆ ಚುಕ್ಕೆ ಇರುವ ಜಾಗ ಅಷ್ಟು ಒತ್ತುವುದಿಲ್ಲ, ತಡವಾಗುತ್ತದೆ. ಅಂದರೆ ಚಿತ್ರ ತಯಾರಾಗಲು ಹಿಡಿದ ಸಮಯದಲ್ಲೇ ಚಿತ್ರದ ಸುಳಿವು ಇದೆ. 2023ರಲ್ಲಿ ಜಿಪಿಯು-ಜಿಪ್ ಎಂಬ ಸಂಶೋಧನೆ ಇದನ್ನು ಕ್ರೋಮ್ ಬ್ರೌಸರ್‌ನಲ್ಲಿ ತೋರಿಸಿತ್ತು. ಒಂದು ವೆಬ್ ಪುಟ ತನ್ನೊಳಗೆ ಕೂರಿಸಿಕೊಂಡ ವಿಕಿಪೀಡಿಯ ಪುಟದಿಂದ ಬಳಕೆದಾರರ ಹೆಸರನ್ನು ಓದಿತು. ಎಎಂಡಿಯ ಒಂದು ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಅದಕ್ಕೆ ಸುಮಾರು ಅರ್ಧ ಗಂಟೆ ಬೇಕಾಯಿತು. ಅಷ್ಟು ನಿಧಾನ ಇದ್ದರೆ ಯಾರಿಗೆ ಬೇಕು ಅಂತ ಆಗ ಬಹಳ ಜನ ಅಂದುಕೊಂಡರು.

ಎರಡು ವರ್ಷದಲ್ಲಿ ಅದೇ ಗುಟ್ಟು ಫೋನಿಗೆ ಬಂತು. ಕಳ್ಳ ಆ್ಯಪ್ ಮೊದಲು ಗೂಗಲ್ ಅಥೆಂಟಿಕೇಟರ್‌ನಂಥ, ಲಾಗಿನ್ ಕೋಡ್ ತೋರಿಸುವ ಆ್ಯಪನ್ನು ತೆರೆಸುತ್ತದೆ. ಅದರ ಮೇಲೆ ಅರೆಪಾರದರ್ಶಕ ಪರದೆಗಳನ್ನು ಹೊದಿಸುತ್ತದೆ. ಕೆಳಗಿನ ಒಂದೇ ಒಂದು ಚುಕ್ಕೆಯನ್ನು ಆರಿಸಿ, ಹಿಗ್ಗಿಸಿ, ಆಂಡ್ರಾಯ್ಡ್‌ನದೇ ಮಸುಕು ಮಾಡುವ ಸೌಲಭ್ಯ ಬಳಸಿ ಜಿಪಿಯುಗೆ ಕೆಲಸ ಹಚ್ಚುತ್ತದೆ. ಫ್ರೇಮ್ ತಯಾರಾಗಲು ಎಷ್ಟು ಹೊತ್ತಾಯಿತು ನೋಡುತ್ತದೆ. ಹೊತ್ತಿನ ಮೇಲೆ ಚುಕ್ಕೆ ಬಿಳಿಯೋ ಅಲ್ಲವೋ ಗೊತ್ತಾಗುತ್ತದೆ. ಅಂಕಿಗಳ ಆಕಾರ ಮೊದಲೇ ಗೊತ್ತಿರುವುದರಿಂದ ಎಲ್ಲ ಚುಕ್ಕೆ ಬೇಕಿಲ್ಲ, ಒಂದೊಂದು ಅಂಕಿಗೆ ಕೆಲವು ಸಾಕು. ಆರು ಅಂಕಿಯ ಕೋಡ್ 30 ಸೆಕೆಂಡಿಗೆ ಬದಲಾಗುತ್ತದಲ್ಲ, ಪಿಕ್ಸೆಲ್ ಫೋನುಗಳಲ್ಲಿ ಅದರೊಳಗೇ ಕೆಲಸ ಮುಗಿಸಿದರು. ಪ್ರತಿ ಸಲವೂ ಗೆಲ್ಲಲಿಲ್ಲ: ಪಿಕ್ಸೆಲ್ 6ರಲ್ಲಿ ಪೂರ್ತಿ ಕೋಡ್ ಸಿಕ್ಕಿದ್ದು 100ಕ್ಕೆ 73 ಸಲ, ಪಿಕ್ಸೆಲ್ 8ರಲ್ಲಿ 29 ಸಲ. ಎಸ್25ರಲ್ಲಿ ಅಳತೆಯಲ್ಲಿ ಏರುಪೇರು ಜಾಸ್ತಿ ಇದ್ದು ಆ ಅವಧಿಯಲ್ಲಿ ಸಿಗಲಿಲ್ಲ.

ಇಲ್ಲಿ ಯಾರೊಬ್ಬರೂ ನಿಯಮ ಮುರಿದಿಲ್ಲ ನೋಡಿ. ಸಿಪಿಯು ಒಂದು ಆ್ಯಪ್‌ನ ಮೆಮೊರಿಯನ್ನು ಇನ್ನೊಂದಕ್ಕೆ ಕೊಡಲಿಲ್ಲ. ಜಿಪಿಯು ಕೂಡ ಕೊಡಲಿಲ್ಲ. ಆಂಡ್ರಾಯ್ಡ್‌ಗೆ ಜಿಪಿಯು ಒಳಗೆ ಒತ್ತುವ ವಿಷಯ ಗೊತ್ತಿಲ್ಲ, ಜಿಪಿಯುಗೆ ಯಾವ ಚುಕ್ಕೆ ಗುಟ್ಟಿನದು ಅಂತ ಗೊತ್ತಿಲ್ಲ.

ಗೂಗಲ್ 2025ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ಒಂದು ತಡೆ ಹಾಕಿತು. ಸಂಶೋಧಕರು ಅದನ್ನೂ ದಾಟಿದರು. ಇನ್ನೊಂದು ತಡೆ ಡಿಸೆಂಬರ್ ಅಪ್‌ಡೇಟ್‌ಗೆ ಅಂತ ಗೂಗಲ್ ಹೇಳಿತು. ನೀವು ಮಾಡಬೇಕಾದ್ದು: ಭದ್ರತಾ ಅಪ್‌ಡೇಟ್ ಹಾಕಿ, ಗೊತ್ತಿಲ್ಲದ ಲಿಂಕಿನಿಂದ ಆ್ಯಪ್ ಇಳಿಸಬೇಡಿ. 'ಯಾವ ಪರ್ಮಿಷನ್ನೂ ಕೇಳಲಿಲ್ಲ, ಹಾಗಾಗಿ ತೊಂದರೆ ಇಲ್ಲ' ಎಂಬ ಲೆಕ್ಕವನ್ನು ಬಿಟ್ಟುಬಿಡಿ. ಪರದೆಗೆ ಬಾರದ ಗುಟ್ಟನ್ನು ಈ ದಾರಿಯಲ್ಲಿ ಕದಿಯಲು ಆಗುವುದಿಲ್ಲ. ಬ್ಯಾಂಕಿನ ಆ್ಯಪ್ ಮಾಡುವವರು ನಿಮ್ಮ ಕೈಗೆ ಸಿಕ್ಕರೆ, ಖಾತೆ ಸಂಖ್ಯೆ, ಬ್ಯಾಲೆನ್ಸು ಎಲ್ಲವನ್ನೂ ಕೇಳದೆ ತೋರಿಸಬೇಡಿ ಅಂತ ಹೇಳಿ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಲ್ಯಾಬಿನಲ್ಲಿ ಜಿಂಕ್ ಬೋರ್ಡ್ ಇದೆ, ಆರ್ಮ್ ಸಿಪಿಯು ಮತ್ತು ಎಫ್‌ಪಿಜಿಎ (ನಮಗೆ ಬೇಕಾದ ಸರ್ಕೀಟು ಕಟ್ಟಿಕೊಳ್ಳುವ ಭಾಗ) ಎರಡೂ ಒಂದೇ ಚಿಪ್ಪಿನಲ್ಲಿ. ಹಾರ್ಡ್‌ವೇರ್ ಸೆಕ್ಯುರಿಟಿ ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ. ಆಸಿಲೋಸ್ಕೋಪ್ ಮಾತ್ರ ಹಳೆಯದು. ಏನಾದರೂ ಮಾಡಬಹುದಾ ಮೇಡಂ?
– ಹಾಸನ

ಉತ್ತರ: ಆಸಿಲೋಸ್ಕೋಪೇ ಬೇಡ! ನಿಮ್ಮ ಕೈಯಲ್ಲಿರುವ ಬೋರ್ಡು ಈ ವಿಷಯಕ್ಕೆ ಹೇಳಿ ಮಾಡಿಸಿದ್ದು.

ಹಳೆಯ ವಠಾರದಲ್ಲಿ ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ ನಮ್ಮ ಬಲ್ಬು ಒಂದು ಗಳಿಗೆ ಮಂಕಾಗುತ್ತದೆ. ಗೋಡೆ ಗಟ್ಟಿಯೇ ಇದೆ, ಬಾಗಿಲಿಗೆ ಬೀಗವೂ ಇದೆ, ಆದರೂ ಅವರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನಮಗೆ ಗೊತ್ತಾಗುತ್ತದೆ. ಚಿಪ್ಪಿನಲ್ಲೂ ಇದೇ ಕತೆ. 2018ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಕ್ ಝಾವೋ ಮತ್ತು ಎಡ್ವರ್ಡ್ ಸು, ಎಫ್‌ಪಿಜಿಎ ಒಳಗೆ ಕಟ್ಟಿದ ಸರ್ಕೀಟಿನಿಂದಲೇ ಅದೇ ಚಿಪ್ಪಿನ ಸಿಪಿಯುನಲ್ಲಿ ಓಡುವ ಪ್ರೋಗ್ರಾಮನ್ನು ಗಮನಿಸಬಹುದು ಅಂತ ತೋರಿಸಿದರು. ಅದೇ ವರ್ಷ ಜರ್ಮನಿಯ ಬೋಖುಮ್ ಮತ್ತು ಕಾರ್ಲ್ಸ್‌ರೂಹೆ ಸಂಶೋಧಕರು ಎಫ್‌ಪಿಜಿಎಯ ಒಂದು ಮೂಲೆಯಲ್ಲಿ ಕೂತು ಇನ್ನೊಂದು ಮೂಲೆಯ ಎಇಎಸ್ ಗೂಢಲಿಪಿಯ ಕೀಲಿ ತೆಗೆದರು.

ನೀವು ಹೀಗೆ ಶುರು ಮಾಡಿ. ಒಂದು ಎಲ್‌ಯುಟಿಯಲ್ಲಿ (ಎಫ್‌ಪಿಜಿಎಯ ಚಿಕ್ಕ ತುಂಡು) ಇನ್ವರ್ಟರ್, ಅಂದರೆ ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಮಾಡುವ ಸರ್ಕೀಟು, ಕಟ್ಟಿ, ಅದರ ಔಟ್‌ಪುಟ್ಟನ್ನು ಅದಕ್ಕೇ ವಾಪಸ್ ಕೊಡಿ. ಅದೇ ರಿಂಗ್ ಆಸಿಲೇಟರ್. ಸುಮ್ಮನೆ ತನ್ನಷ್ಟಕ್ಕೆ ಸೊನ್ನೆ-ಒಂದು ಅಂತ ಕುಣಿಯುತ್ತದೆ. ಎಫ್‌ಪಿಜಿಎ ಡಿಸೈನ್ ಮಾಡುವ ವಿವಾಡೋ ಟೂಲ್ ಇದನ್ನು ದೋಷ ಅಂತ ಹೇಳಿ ತಡೆಯುತ್ತದೆ. ಆ ಲೂಪ್ ಬೇಕು ಅಂತ ಟೂಲಿಗೆ ಒಪ್ಪಿಗೆ ಕೊಡಬೇಕು, ಅದು ಅನಗತ್ಯ ಅಂತ ಅಳಿಸಿಹಾಕದಂತೆಯೂ ನೋಡಿಕೊಳ್ಳಬೇಕು. ಇಂಥ ಕೆಲವು ರಿಂಗ್‌ಗಳನ್ನು ಇಟ್ಟು, ಒಂದು ನಿಗದಿತ ಅವಧಿಯಲ್ಲಿ ಎಷ್ಟು ಸಲ ಕುಣಿದವು ಅಂತ ಕೌಂಟರ್‌ನಲ್ಲಿ ಎಣಿಸಿ. ವೋಲ್ಟೇಜ್ ಸ್ವಲ್ಪ ಇಳಿದರೂ ಕುಣಿತ ನಿಧಾನ ಆಗುತ್ತದೆ, ಎಣಿಕೆ ಇಳಿಯುತ್ತದೆ. ಈಗ ಆರ್ಮ್ ಸಿಪಿಯುನಲ್ಲಿ ಒಂದು ಭಾರದ ಲೂಪ್, ಒಂದು ಖಾಲಿ ಲೂಪ್ ಸರದಿಯಲ್ಲಿ ಓಡಿಸಿ ಗ್ರಾಫ್ ಹಾಕಿ. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅರ್ಧ ಪ್ರಾಜೆಕ್ಟ್ ಆಯಿತು. ಬಿಸಿಯಿಂದಲೂ ಎಣಿಕೆ ಇಳಿಯುತ್ತದೆ, ಅದನ್ನು ಬೇರೆ ಮಾಡಿ ತೋರಿಸೋದನ್ನು ಮರೆಯಬೇಡಿ. ವೈವಾದಲ್ಲಿ ಮೊದಲು ಕೇಳೋದೇ ಅದು.

ಆಮೇಲೆ ತಡೆಯುವ ಕಡೆ ಬನ್ನಿ. ಎಫ್‌ಪಿಜಿಎ ಬಾಡಿಗೆಗೆ ಕೊಡುತ್ತಿದ್ದ ಅಮೆಜಾನ್‌ನ ಎಫ್1 ಸೇವೆಯಲ್ಲಿ ಇಂಥ ಲೂಪ್ ಇರುವ ಡಿಸೈನನ್ನು ಒಪ್ಪುತ್ತಿರಲಿಲ್ಲ. ಆದರೆ ಜರ್ಮನಿಯವರು ಬಳಸಿದ್ದು ಲೂಪ್ ಅಲ್ಲ, ಉದ್ದನೆಯ ವಿಳಂಬ ಸಾಲು. ಮೇಲುನೋಟಕ್ಕೆ ಮಾಮೂಲಿ ಸರ್ಕೀಟಿನಂತೆ ಕಾಣುತ್ತದೆ. ಒಳ್ಳೆಯ ಡಿಸೈನ್ ಯಾವುದು, ಕದ್ದು ಕೇಳುವ ಡಿಸೈನ್ ಯಾವುದು ಅಂತ ನೆಟ್‌ಲಿಸ್ಟ್ (ಸರ್ಕೀಟಿನ ಜೋಡಣೆಯ ಪಟ್ಟಿ) ನೋಡಿ ಹೇಳುವ ಒಂದು ಚಿಕ್ಕ ಪ್ರೋಗ್ರಾಮ್ ಬರೆಯಲು ನೋಡಿ. ಪೂರ್ತಿ ಸರಿಯಾಗದಿದ್ದರೂ ಪರವಾಗಿಲ್ಲ, ಎಲ್ಲಿ ಎಡವುತ್ತದೆ ಅಂತ ಬರೆದರೆ ಅದೇ ಒಳ್ಳೆಯ ರಿಪೋರ್ಟ್. ಪ್ರಯೋಗ ಎಲ್ಲ ನಿಮ್ಮ ಲ್ಯಾಬಿನ ಬೋರ್ಡಿನ ಮೇಲೆ ಮಾತ್ರ.

ಪ್ರಶ್ನೆ: ನಮ್ಮದು ಸಣ್ಣ ಲೆಕ್ಕಪತ್ರ ಸಂಸ್ಥೆ. ಗ್ರಾಹಕರ ಕಾಗದಪತ್ರ ಹೊರಗೆ ಹೋಗಬಾರದು ಅಂತ ಎಐ ಮಾಡೆಲನ್ನು ನಮ್ಮದೇ ಜಿಪಿಯು ಮೇಲೆ ಓಡಿಸುವ ಯೋಚನೆ ಇದೆ. ಇಷ್ಟು ಮಾಡಿದರೆ ಭದ್ರ ತಾನೆ?
– ಮೈಸೂರು

ಉತ್ತರ: ಯೋಚನೆ ಒಳ್ಳೆಯದು. ಆದರೆ ಆ ಜಿಪಿಯುವನ್ನು ಎಷ್ಟು ಜನ, ಯಾವ ಯಾವ ಪ್ರೋಗ್ರಾಮ್ ಬಳಸುತ್ತಾರೆ ಅನ್ನೋದು ಮುಖ್ಯ.

2024ರ ಜನವರಿಯಲ್ಲಿ ಟ್ರೇಲ್ ಆಫ್ ಬಿಟ್ಸ್ ಸಂಸ್ಥೆಯ ಟೈಲರ್ ಸೊರೆನ್ಸನ್ ಮತ್ತು ಹೈಡಿ ಖ್ಲಾಫ್ 'ಲೆಫ್ಟ್‌ಓವರ್ ಲೋಕಲ್ಸ್' ಎಂಬ ದೋಷ ಪ್ರಕಟಿಸಿದರು. ಜಿಪಿಯು ಒಳಗೆ ಲೋಕಲ್ ಮೆಮೊರಿ ಅಂತ ಒಂದು ಸಣ್ಣ, ವೇಗದ ಜಾಗ ಇದೆ. ಒಂದು ಪ್ರೋಗ್ರಾಮ್ ಮುಗಿದು ಇನ್ನೊಂದು ಬಂದಾಗ ಆ ಜಾಗವನ್ನು ಒರೆಸುತ್ತಿರಲಿಲ್ಲ. ಮುಂದೆ ಬಂದ ಪ್ರೋಗ್ರಾಮ್ ಸುಮ್ನೆ ಓದಿಕೊಂಡರೆ ಆಯಿತು, ಅದಕ್ಕೆ ಹತ್ತು ಸಾಲಿನ ಜಿಪಿಯು ಕೋಡ್ ಕೂಡ ಬೇಡ. ಎಎಂಡಿ, ಆಪಲ್, ಕ್ವಾಲ್‌ಕಾಮ್ ಚಿಪ್ಪುಗಳಲ್ಲಿ ಇದು ಕಂಡಿತು. ಎಎಂಡಿಯ ರೇಡಿಯಾನ್ 7900 ಎಕ್ಸ್‌ಟಿ ಕಾರ್ಡಿನಲ್ಲಿ ಒಂದು ಭಾಷಾ ಮಾಡೆಲ್‌ಗೆ ಒಂದು ಪ್ರಶ್ನೆ ಕೇಳಿದರೆ ಸುಮಾರು 181 ಎಂಬಿ ಸೋರುತ್ತಿತ್ತು. ಮಾಡೆಲ್ ಕೊಟ್ಟ ಉತ್ತರವನ್ನು ಮತ್ತೆ ಜೋಡಿಸಿಕೊಳ್ಳಲು ಅಷ್ಟು ಸಾಕು. ಸಿಪಿಯು ಲೋಕದಲ್ಲಿ ಒಂದು ಪ್ರೋಗ್ರಾಮ್ ಬಿಟ್ಟ ಪುಟವನ್ನು ಸೊನ್ನೆ ಮಾಡಿ ಇನ್ನೊಂದಕ್ಕೆ ಕೊಡುವುದು ದಶಕಗಳ ರೂಢಿ. ಜಿಪಿಯು ಆಟಕ್ಕೆ ಅಂತ ಹುಟ್ಟಿದ್ದು, ಒಂದು ಸಲಕ್ಕೆ ಒಬ್ಬರೇ ಬಳಸೋದು ಅಂತ ಅಂದುಕೊಂಡು ಮಾಡಿದ್ದು. ಆ ರೂಢಿ ಅಲ್ಲಿಗೆ ಬರಲು ಇಷ್ಟು ಹೊತ್ತಾಯಿತು.

ಇನ್ನೊಂದು, ಓದುವುದಲ್ಲ, ಕೆಡಿಸುವುದು. ಮೆಮೊರಿಯ ಒಂದು ಸಾಲನ್ನು ಪದೇ ಪದೇ ತಟ್ಟಿದರೆ ಪಕ್ಕದ ಸಾಲಿನ ಬಿಟ್ ತಿರುಗುತ್ತದೆ. ಇದಕ್ಕೆ ರೋಹ್ಯಾಮರ್ ಅಂತಾರೆ, 2014ರಿಂದ ಚೆನ್ನಾಗಿ ಗೊತ್ತು. 2025ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ತಂಡ ಎನ್ವಿಡಿಯಾ ಎ6000 ಕಾರ್ಡಿನ ಮೆಮೊರಿಯಲ್ಲೂ ಇದನ್ನು ಮಾಡಿ ತೋರಿಸಿತು. ಒಂದೇ ಒಂದು ಬಿಟ್ ತಿರುಗಿಸಿ, ಚಿತ್ರ ಗುರುತಿಸುವ ಮಾಡೆಲ್‌ನ ನಿಖರತೆಯನ್ನು ಶೇ. 80ರಿಂದ ಶೇ. 0.1ಕ್ಕೆ ಇಳಿಸಿದರು. ಒಂದು ಬಿಟ್ಟಿಗೆ ಇಷ್ಟಾ ಅಂತ ಅನ್ನಿಸಬಹುದು. ಮಾಡೆಲ್‌ನ ಒಂದು ಅಂಕಿ 0.5 ಅಂತ ಇಟ್ಟುಕೊಳ್ಳಿ. 16 ಬಿಟ್‌ನ ಸಂಖ್ಯೆಯಲ್ಲಿ ಘಾತದ (ಎರಡನ್ನು ಎಷ್ಟು ಸಲ ಗುಣಿಸಬೇಕು ಎಂಬ ಭಾಗದ) ಮೇಲ್ತುದಿಯ ಬಿಟ್ ತಿರುಗಿದರೆ ಅದು 32,768 ಆಗುತ್ತದೆ. ಆಮೇಲಿನ ಲೆಕ್ಕ ಎಲ್ಲ ಅದರಲ್ಲೇ ಮುಳುಗಿಹೋಗುತ್ತದೆ.

ನಿಮಗೆ ನನ್ನ ಸಲಹೆ: ಆ ಯಂತ್ರವನ್ನು ಈ ಕೆಲಸಕ್ಕೆ ಮಾತ್ರ ಇಡಿ, ಆಟ, ಬೇರೆ ಸಾಫ್ಟ್‌ವೇರ್ ಹಾಕಬೇಡಿ. ಡ್ರೈವರ್ ಅಪ್‌ಡೇಟ್ ತಪ್ಪಿಸಬೇಡಿ. ಕಾರ್ಡಿನಲ್ಲಿ ಇಸಿಸಿ (ತಿರುಗಿದ ಬಿಟ್ ಸರಿಪಡಿಸುವ ಸೌಲಭ್ಯ) ಇದ್ದರೆ ಆನ್ ಮಾಡಿ. ಎ6000ದಲ್ಲಿ ಇದರಿಂದ ವೇಗ ಶೇ. 10ರವರೆಗೆ ಇಳಿಯಬಹುದು, ಮೆಮೊರಿ ಶೇ. 6.25ರಷ್ಟು ಕಮ್ಮಿ ಆಗುತ್ತದೆ. ಗ್ರಾಹಕರ ತೆರಿಗೆ ಲೆಕ್ಕ ನೋಡುವವರಿಗೆ ಅದು ದೊಡ್ಡ ಬೆಲೆ ಅಲ್ಲ.

ಪ್ರಶ್ನೆ: ಇಂಥ ದೋಷಗಳನ್ನು ಕಂಡುಹಿಡಿದು ಪ್ರಪಂಚಕ್ಕೆಲ್ಲ ಹೇಳಿದರೆ ಕಳ್ಳರಿಗೇ ಅನುಕೂಲ ಅಲ್ವಾ?
– ಮಂಗಳೂರಿನ ಓದುಗರು

ಉತ್ತರ: ಮೊದಲು ಕಂಪನಿಗೆ ಹೇಳುತ್ತಾರೆ, ಸಮಯ ಕೊಡುತ್ತಾರೆ, ಆಮೇಲೆ ಪ್ರಕಟಿಸುತ್ತಾರೆ. ಮೆಲ್ಟ್‌ಡೌನ್ ಮತ್ತು ಅದರ ಜೊತೆಗೇ ಹೊರಬಂದ ಸ್ಪೆಕ್ಟರ್ ದೋಷದ ಸುದ್ದಿ ಕಂಪನಿಗಳಿಗೆ ತಲುಪಿದ್ದು 2017ರ ಜೂನ್‌ನಲ್ಲಿ, ಜನರಿಗೆ 2018ರ ಜನವರಿಯಲ್ಲಿ. ಹಲವು ಜಾತಿಯ ಪ್ರೊಸೆಸರ್ ಇರುವಾಗ ಕಷ್ಟ ಏನೆಂದರೆ, ಯಾವ ಕಂಪನಿಗೆ ಹೇಳಬೇಕು ಅನ್ನೋದೇ ಸ್ಪಷ್ಟ ಇರುವುದಿಲ್ಲ. ಲೆಫ್ಟ್‌ಓವರ್ ಲೋಕಲ್ಸ್ ತಂಡ ನಡುವೆ ಒಂದು ಸಮನ್ವಯ ಕೇಂದ್ರ ಇಟ್ಟುಕೊಂಡು ಹಲವಾರು ಕಂಪನಿಗಳ ಜೊತೆ ತಿಂಗಳುಗಟ್ಟಲೆ ವ್ಯವಹರಿಸಬೇಕಾಯಿತು. ಮುಚ್ಚಿಟ್ಟರೆ ಕಳ್ಳರಿಗೆ ಗೊತ್ತಾಗಲ್ಲ ಅನ್ನೋ ಭರವಸೆ ನನಗಿಲ್ಲ. ಪ್ರಕಟ ಆದ ಮೇಲೆ ನಮ್ಮಂಥ ವೆರಿಫಿಕೇಷನ್ ತಂಡಗಳು ಮುಂದಿನ ಚಿಪ್ಪಿನ ಪರೀಕ್ಷಾ ಪಟ್ಟಿಗೆ ಅದನ್ನು ಸೇರಿಸಿಕೊಳ್ಳುತ್ತವೆ.

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಚಿಪ್ ಸೆಕ್ಯುರಿಟಿ ಓದಬೇಕು ಅಂತಾಳೆ. ಕಂಪ್ಯೂಟರ್ ಸೈನ್ಸ್ ತಗೋಬೇಕಾ, ಎಲೆಕ್ಟ್ರಾನಿಕ್ಸಾ? ಇದಕ್ಕೆ ಹೊರದೇಶಕ್ಕೇ ಹೋಗಬೇಕಾ?
– ತಂದೆಯೊಬ್ಬರು, ದಾವಣಗೆರೆ

ಉತ್ತರ: ಎರಡರಲ್ಲಿ ಯಾವುದು ಸಿಕ್ಕರೂ ಆಗುತ್ತದೆ. ನಾನಾದರೆ ಎಲೆಕ್ಟ್ರಾನಿಕ್ಸ್ ತಗೊಂಡು, ಆಪರೇಟಿಂಗ್ ಸಿಸ್ಟಮ್ ವಿಷಯವನ್ನು ತಾನೇ ಓದಿಕೊಳ್ಳಲಿ ಅಂತೀನಿ. ಡ್ರೈವರ್ ಬರೆಯುವುದನ್ನು ಮನೆಯಲ್ಲಿ ಕಲಿಯಬಹುದು, ಲ್ಯಾಬ್ ಮನೆಯಲ್ಲಿ ಸಿಗಲ್ಲ.

ಹೊರಗೆ ಹೋಗಲೇಬೇಕು ಅಂತೇನಿಲ್ಲ. ಐಐಟಿ ಮದ್ರಾಸ್‌ನಲ್ಲಿ ಶಕ್ತಿ ಪ್ರೊಸೆಸರ್ ಮಾಡಿದ್ದಾರೆ, ಅದರ ಒಳಗನ್ನು ಯಾರು ಬೇಕಾದರೂ ಓದಬಹುದು. ಐಐಟಿ ಖರಗ್‌ಪುರದಲ್ಲಿ ದೇಬದೀಪ್ ಮುಖೋಪಾಧ್ಯಾಯ ಅವರ ತಂಡ ಈ ವಿಷಯದಲ್ಲಿ ಬಹಳ ಕೆಲಸ ಮಾಡಿದೆ. ಅವರ ಹಾರ್ಡ್‌ವೇರ್ ಸೆಕ್ಯುರಿಟಿ ಪಾಠಗಳು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಜಿಪಿಯು ಬಗ್ಗೆಯೂ ಸಿಸ್ಟಮ್ ಭದ್ರತೆ ಬಗ್ಗೆಯೂ ಸಂಶೋಧನೆ ಮಾಡುವವರಿದ್ದಾರೆ. ಕೆಲಸದ ಚಿಂತೆ ಬೇಡ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಇಲ್ಲಿ ಚಿಪ್ ಡಿಸೈನ್ ಬೆಳೆಯುತ್ತಲೇ ಇದೆ. ಇಂಟೆಲ್, ಎಎಂಡಿ, ಆರ್ಮ್, ಎನ್ವಿಡಿಯಾ, ಕ್ವಾಲ್‌ಕಾಮ್ ಎಲ್ಲರ ತಂಡಗಳೂ ಇಲ್ಲಿವೆ.

ಕಾಲೇಜು ಸೇರಿದ ಮೇಲೆ 'ಹ್ಯಾಕ್ ಅಟ್ ಡ್ಯಾಕ್' ಸ್ಪರ್ಧೆಯ ಬಗ್ಗೆ ಹೇಳಿ. ಬೇಕಂತಲೇ ದೋಷ ಸೇರಿಸಿದ ಒಂದು ಚಿಪ್ ಡಿಸೈನ್ ಕೊಡುತ್ತಾರೆ, ಹುಡುಕಬೇಕು. ಹಳೆಯ ಕೆಲವು ಡಿಸೈನ್‌ಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ, ಅವುಗಳ ಮೇಲೆ ಕೈ ಪಳಗಿಸಿಕೊಳ್ಳಬಹುದು. ಈಗಲೇ ಏನಾದರೂ ಓದಬೇಕು ಅಂದರೆ ಚಿಪ್ ಡಿಸೈನ್ ಬರೆಯುವ ಭಾಷೆ ವೆರಿಲಾಗ್ ಶುರು ಮಾಡಲಿ. ಮೊದಲ ಸೆಮಿಸ್ಟರ್‌ಗೆ ಮುಂಚೆ ಒಂದು ಚಿಕ್ಕ ಕೌಂಟರ್ (ಎಣಿಸುವ ಸರ್ಕೀಟು) ಬರೆದು ಓಡಿಸಿ ನೋಡಿದ್ದರೂ ತರಗತಿಯಲ್ಲಿ ತುಂಬಾ ಅನುಕೂಲ.